‘ಊರಿನದ್ದು’ ಎಂದು ಲೇಬಲ್ ಮೇಲೆ ಬರೆಯುವ ಮೊದಲು: ಕರಾವಳಿಯ ಸಣ್ಣ ಉತ್ಪಾದಕರಿಗೆ ಸಮಗ್ರ ಮಾರ್ಗದರ್ಶಿ

ಉಡುಪಿಯ ಒಂದು ಮಾರಾಟ ಮೇಳದಲ್ಲಿ ನಮ್ಮ ಗೇರುಬೀಜದ ಪ್ಯಾಕೆಟ್ ಇಟ್ಟುಕೊಂಡು ಕೂತಿದ್ದೆ. ವಯಸ್ಸಾದ ಅಮ್ಮ ಒಬ್ಬರು ಬಂದು ಪ್ಯಾಕೆಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ‘ಅಪ್ಪಟ ಕರಾವಳಿಯ ಗೇರುಬೀಜ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. “ಇದು ಊರಿನ ಬೀಜವಾ ಮಗಾ?” ಎಂದು ಕೇಳಿದರು. “ಹೌದಮ್ಮ” ಅಂದೆ. ಅವರು ಎರಡು ಪ್ಯಾಕೆಟ್ ತೆಗೆದುಕೊಂಡು ಹೋದರು.

ಆಗ ಅಕ್ಟೋಬರ್ ತಿಂಗಳು. ನಾವು ಕೊಂಡಿದ್ದ ಊರಿನ ಬೀಜ ಮಳೆಗಾಲಕ್ಕೇ ಮುಗಿದಿತ್ತು. ಆ ಪ್ಯಾಕೆಟಿನ ತಿರುಳನ್ನು ಕಾರ್ಕಳದ ಕಡೆ ಒಡೆದದ್ದು ನಿಜ, ಸಿಪ್ಪೆ ತೆಗೆದದ್ದೂ ಅಲ್ಲೇ. ಆದರೆ ಬೀಜ ಬಂದದ್ದು ಆಫ್ರಿಕಾದಿಂದ, ಹಡಗಿನಲ್ಲಿ. ಅದು ನನಗೆ ಗೊತ್ತಿತ್ತು. ಆದರೂ ಬಾಯಿಂದ ಹೌದು ಎಂದೇ ಬಂತು, ಯಾಕೆಂದರೆ ಲೇಬಲ್ ಹಾಗೆ ಹೇಳುತ್ತಿತ್ತು. ಆ ಅಮ್ಮನಿಗೆ ಕೊಟ್ಟ ಉತ್ತರ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ನಮ್ಮ ಲೇಬಲ್ ಬದಲಾಯಿಸಿದೆವು. ಸುತ್ತಮುತ್ತಲಿನ ಕೆಲವು ಸ್ವಸಹಾಯ ಸಂಘಗಳ ಹೆಂಗಸರ ಜೊತೆ ಕೂತು ಅವರ ಲೇಬಲ್‌ಗಳನ್ನೂ ತಿದ್ದಿದ್ದೇನೆ. ಹಪ್ಪಳ, ಹಾಳೆ ತಟ್ಟೆ, ಮಸಾಲೆ ಪುಡಿ, ಪುನರ್ಪುಳಿ ಶರಬತ್ತು, ಸೀರೆ ಎಲ್ಲಕ್ಕೂ ಒಂದೇ ಕ್ರಮ ಹೊಂದುತ್ತದೆ. ಅದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಒಂದು ಮಾತು: ‘ಮಂಗಳೂರಿನ’ ಎಂಬ ಪದದಲ್ಲಿ ಕ್ರಿಯಾಪದ ಇಲ್ಲ

‘ಮಂಗಳೂರಿನ ಗೇರುಬೀಜ’ ಅಂದರೆ ಏನು? ಮಂಗಳೂರಿನಲ್ಲಿ ಬೆಳೆದದ್ದಾ, ಒಡೆದದ್ದಾ, ಹುರಿದದ್ದಾ, ಪ್ಯಾಕ್ ಮಾಡಿದ್ದಾ, ಇಲ್ಲ ಮಂಗಳೂರಿನ ಅಂಗಡಿಯವರು ಮಾರಿದ್ದಾ? ‘ಇನ’ ಎಂಬ ಪ್ರತ್ಯಯ ಇಷ್ಟನ್ನೂ ಒಂದೇ ಚಾದರದಡಿ ಮುಚ್ಚಿಬಿಡುತ್ತದೆ. ಕೊಳ್ಳುವವರು ತಮಗೆ ಇಷ್ಟವಾದ ಅರ್ಥ ಮಾಡಿಕೊಳ್ಳುತ್ತಾರೆ. ನಾವು ಸುಮ್ನೆ ಇರುತ್ತೇವೆ.

ಅದರಲ್ಲೂ ನಮ್ಮ ಕಡೆ ‘ಊರಿನ’ ಅನ್ನುವ ಪದಕ್ಕೆ ಬೇರೆಯೇ ತೂಕ ಇದೆ. ಊರಿನ ಬೆಂಡೆ, ಊರಿನ ಸೌತೆ, ಊರಿನ ಕೋಳಿ. ಸಂತೆಯಲ್ಲಿ ‘ಇದು ಘಟ್ಟದ್ದು, ಅದು ಊರಿನದ್ದು’ ಎಂದು ಬೇರೆ ಬೇರೆ ರಾಶಿ ಹಾಕಿ ಬೇರೆ ಬೇರೆ ರೇಟು ಹೇಳುತ್ತಾರೆ. ಆ ಒಂದು ಪದಕ್ಕಾಗಿ ಜನ ಜಾಸ್ತಿ ದುಡ್ಡು ಕೊಡುತ್ತಾರೆ. ಹಾಗಾಗಿ ಲೇಬಲ್ ಮೇಲೆ ಅದನ್ನು ಬರೆದರೆ ಬೆಲೆ ಇರುವ ಮಾತೊಂದನ್ನು ಕೊಟ್ಟ ಹಾಗೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಊರಿನ ಹೆಸರಿನ ಪಕ್ಕದಲ್ಲಿ ಕೆಲಸದ ಹೆಸರನ್ನೂ ಬರೆಯಿರಿ. ಬೆಳೆದದ್ದು, ಒಡೆದದ್ದು, ನೇಯ್ದದ್ದು, ಅರೆದದ್ದು, ಜೋಡಿಸಿದ್ದು, ಪ್ಯಾಕ್ ಮಾಡಿದ್ದು. ಮುಂದಿನ ಹಂತಗಳೆಲ್ಲ ಸರಿಯಾದ ಕ್ರಿಯಾಪದ ಹುಡುಕುವುದಕ್ಕೆ ಇರುವುದು.

ಹಂತ 1: ಒಂದು ಪ್ಯಾಕೆಟ್ ಒಡೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ

ಕಚೇರಿಯ ಕಂಪ್ಯೂಟರ್ ಬೇಡ. ಮಾರಾಟಕ್ಕೆ ತಯಾರಾದ ಒಂದು ಪ್ಯಾಕೆಟ್ ಮೇಜಿನ ಮೇಲಿಡಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ಏನು, ಎಲ್ಲಿಂದ ಬಂತು, ಅದಕ್ಕೆ ಇಲ್ಲಿ ಏನು ಮಾಡಿದೆವು, ಬಿಲ್ ಎಲ್ಲಿದೆ.

ಹಲಸಿನ ಹಪ್ಪಳವನ್ನೇ ತೆಗೆದುಕೊಳ್ಳಿ. ಹಲಸಿನಕಾಯಿ ಮನೆ ಹಿತ್ತಿಲಿನದ್ದು, ಅಕ್ಕಪಕ್ಕದ ತೋಟದ್ದು. ಮೆಣಸು ಘಟ್ಟದ ಮೇಲಿನದ್ದು. ಉಪ್ಪು ಹೊರಗಿನದ್ದು. ಬೇಯಿಸಿ, ರುಬ್ಬಿ, ತಟ್ಟಿ, ಬಿಸಿಲಿಗೆ ಹಾಕಿದ್ದು ಇಲ್ಲಿ. ಐದು ನಿಮಿಷದ ಕೆಲಸ.

ಉಡುಪಿ ಸೀರೆಗೆ ಬಂದರೆ ಪಟ್ಟಿ ಬೇರೆ ಥರ ಇರುತ್ತದೆ. ಕರಾವಳಿಯಲ್ಲಿ ಹತ್ತಿ ಬೆಳೆಯುವುದಿಲ್ಲ. ನೂಲು ಹೊರಗಿನಿಂದಲೇ ಬರಬೇಕು. ಬಣ್ಣವೂ ಹಾಗೆ. ಆದರೆ ನೇಯ್ಗೆ ಇಲ್ಲಿಯದ್ದು. ಮಗ್ಗದ ಮುಂದೆ ದಿನವಿಡೀ ಕೂತು ಕೈಕಾಲು ಆಡಿಸಿದವರು ಇಲ್ಲಿಯವರು. ಸೀರೆಯನ್ನು ಸೀರೆ ಮಾಡಿದ್ದು ಆ ಕೆಲಸವೇ. ನೂಲು ಹೊರಗಿನದ್ದು ಎಂದು ಬರೆದುಕೊಳ್ಳುವುದರಿಂದ ನೇಕಾರರ ಮರ್ಯಾದೆ ಒಂದು ಎಳೆಯಷ್ಟೂ ಕಡಿಮೆ ಆಗುವುದಿಲ್ಲ.

ಯಂತ್ರ ಎಲ್ಲಿಯದ್ದು ಎಂಬುದನ್ನು ಈ ಪಟ್ಟಿಗೆ ಸೇರಿಸಬೇಡಿ. ಹಾಳೆ ತಟ್ಟೆ ಒತ್ತುವ ಮಷಿನ್ ಬೇರೆ ರಾಜ್ಯದಿಂದ ಬಂದಿರಬಹುದು. ಅದು ತಟ್ಟೆಯೊಳಗೆ ಸೇರಿಲ್ಲ ಅಲ್ವಾ. ಅಡಿಕೆ ಹಾಳೆ ಎಲ್ಲಿಯದ್ದು, ಒತ್ತಿದ್ದು ಎಲ್ಲಿ, ಅಷ್ಟು ಸಾಕು.

ಹಂತ 2: ವಸ್ತು ಎಲ್ಲಿ ‘ಆ ವಸ್ತು’ ಆಯಿತು ಎಂದು ಕಂಡುಹಿಡಿಯಿರಿ

ಒಂದು ಸರಕು ಯಾವ ದೇಶದ್ದು ಎಂದು ತೀರ್ಮಾನಿಸುವ ಮೂಲದೇಶದ ನಿಯಮಗಳ ಸಾರ ಎರಡು ಪ್ರಶ್ನೆ. ಒಂದು, ವಸ್ತು ಪೂರ್ತಿಯಾಗಿ ಒಂದೇ ದೇಶದಲ್ಲಿ ಸಿಕ್ಕಿದ್ದಾ? ಬೆಳೆದ ಅಡಿಕೆ, ಕಿತ್ತ ಮಲ್ಲಿಗೆ ಹೀಗೆ. ಎರಡು, ಹಾಗಲ್ಲದಿದ್ದರೆ ಅದರ ಸ್ವರೂಪವೇ ಬದಲಾಗುವಂಥ ಕೊನೆಯ ದೊಡ್ಡ ಕೆಲಸ ನಡೆದದ್ದು ಎಲ್ಲಿ?

ಗೇರುಬೀಜ ಇದಕ್ಕೆ ಒಳ್ಳೆಯ ಪಾಠ. ಟಾಂಜಾನಿಯಾ, ಐವರಿ ಕೋಸ್ಟ್, ಘಾನಾ, ಬೆನಿನ್ ಮುಂತಾದ ಕಡೆಗಳಿಂದ ಇಡೀ ಬೀಜ ಬರುತ್ತದೆ. ಇಲ್ಲಿ ಅದನ್ನು ಹಬೆಯಲ್ಲಿ ಬೇಯಿಸುತ್ತಾರೆ. ಆರಿಸಿ, ಒಂದೊಂದೇ ಬೀಜ ಕತ್ತರಿಸಿ ಸಿಪ್ಪೆ ಬಿಡಿಸುತ್ತಾರೆ. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ಬೀಜದ ಫ್ಯಾಕ್ಟರಿಗೆ ಹೋಗುವ ಹೆಂಗಸರ ಬೆರಳು ನೋಡಿದವರಿಗೆ ಇದು ಗೊತ್ತು. ಆಮೇಲೆ ಒಣಗಿಸಿ, ಮೇಲಿನ ಕೆಂಪು ಪೊರೆ ತೆಗೆದು, ಗಾತ್ರ ನೋಡಿ ಗ್ರೇಡ್ ಮಾಡುತ್ತಾರೆ. ಡಬ್ಲ್ಯೂ 320 ಅಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ತಿರುಳು. ಒಂದು ಕಿಲೋ ತಿರುಳಿಗೆ ಸುಮಾರು 4 ಕಿಲೋ ಬೀಜ ಬೇಕು.

ಇಷ್ಟೆಲ್ಲ ಆದಮೇಲೆ ಅದು ಬೇರೆ ವಸ್ತು. ಸುಂಕದ ಪಟ್ಟಿಯಲ್ಲೂ ಸಿಪ್ಪೆಸಹಿತ ಬೀಜಕ್ಕೆ 080131, ಸಿಪ್ಪೆ ತೆಗೆದದ್ದಕ್ಕೆ 080132. ಕೊನೆಯ ಅಂಕಿ ಬದಲಾಗುತ್ತದೆ, ಆದರೆ ಮೊದಲ ನಾಲ್ಕು ಅಂಕಿ ಅದೇ ಇರುತ್ತವೆ. ಹಾಗಾಗಿ ದೇಶಗಳ ನಡುವಿನ ಯಾವ ವ್ಯಾಪಾರ ಒಪ್ಪಂದದಲ್ಲಿ ಯಾವ ಮಟ್ಟದ ಬದಲಾವಣೆ ಕೇಳಿದ್ದಾರೆ ಎಂಬುದನ್ನು ಅವಲಂಬಿಸಿ ಉತ್ತರವೂ ಬದಲಾಗಬಹುದು. ರಫ್ತು ಮಾಡುವವರು ಇದನ್ನು ತುಂಬಾ ಜಾಗ್ರತೆಯಿಂದ ನೋಡಬೇಕು.

ಈಗ ಇನ್ನೊಂದು ಸಂದರ್ಭ. ವಿಯೆಟ್ನಾಂನಲ್ಲಿ ಒಡೆದು ಗ್ರೇಡ್ ಆದ ತಿರುಳು ತರಿಸಿ, ಇಲ್ಲಿ ಕಾಲು ಕಿಲೋ ಪ್ಯಾಕೆಟ್ ಮಾಡಿದರೆ? ಮೂಲ ವಿಯೆಟ್ನಾಂ. ಹೊರದೇಶದಲ್ಲಿ ತಯಾರಾದ ಆಹಾರವನ್ನು ಇಲ್ಲಿ ಪ್ಯಾಕ್ ಮಾಡಿದರೆ ಮೂಲದೇಶ, ಆಮದುದಾರರ ಹೆಸರು ವಿಳಾಸ, ಪ್ಯಾಕ್ ಮಾಡಿದ ಜಾಗ ಮೂರನ್ನೂ ಬರೆಯಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮ ಇದನ್ನು ಹೇಳುತ್ತದೆ. ಜರಡಿ ಹಿಡಿಯುವುದು, ಬೆರೆಸುವುದು, ಪ್ಯಾಕ್ ಮಾಡುವುದು, ಲೇಬಲ್ ಅಂಟಿಸುವುದು ಇವು ಯಾವುವೂ ಮೂಲವನ್ನು ಬದಲಾಯಿಸುವ ಕೆಲಸಗಳಲ್ಲ.

ಹಂತ 3: ದುಡ್ಡಿನ ಲೆಕ್ಕ

ಅಂಗಡಿಯಲ್ಲಿ ಮಾರುವ ಸರಕಿಗೆ ‘ಇಷ್ಟು ಶೇಕಡಾ ಇದ್ದರೆ ದೇಶಿ’ ಎಂಬ ಒಂದೇ ಅಳತೆ ನಮ್ಮಲ್ಲಿಲ್ಲ. ಬೇರೆ ದೇಶಗಳು ಒಂದೊಂದು ರೀತಿ ಮಾಡಿಕೊಂಡಿವೆ. ಅಮೆರಿಕದಲ್ಲಿ ‘ಮೇಡ್ ಇನ್ ಯುಎಸ್‌ಎ’ ಎಂದು ಬರೆಯಲು ಎಲ್ಲವೂ ಅಥವಾ ಹೆಚ್ಚುಕಡಿಮೆ ಎಲ್ಲವೂ ಅಲ್ಲಿಯದ್ದೇ ಆಗಿರಬೇಕು. ಸ್ವಿಟ್ಜರ್‌ಲೆಂಡ್ 2017ರಿಂದ ಆಹಾರದ ಕಚ್ಚಾವಸ್ತುವಿನಲ್ಲಿ ಸಾಮಾನ್ಯವಾಗಿ ತೂಕದ ಶೇ. 80, ಕಾರ್ಖಾನೆಯ ಸರಕಿನಲ್ಲಿ ತಯಾರಿ ವೆಚ್ಚದ ಶೇ. 60 ಕೇಳುತ್ತದೆ. ನನಗೆ ತುಂಬಾ ಹಿಡಿಸಿದ್ದು ಆಸ್ಟ್ರೇಲಿಯಾದ ಕ್ರಮ. 2018ರ ಜುಲೈ 1ರಿಂದ ಅಲ್ಲಿ ತಯಾರಾದ ಹೆಚ್ಚಿನ ಆಹಾರದ ಪ್ಯಾಕೆಟ್ ಮೇಲೆ ಕಾಂಗರೂ ಗುರುತಿನ ಕೆಳಗೆ ಒಂದು ಸಣ್ಣ ಪಟ್ಟಿ ಇರಬೇಕು. ಆ ದೇಶದ ಪದಾರ್ಥ ಎಷ್ಟು ಶೇಕಡಾ ಇದೆಯೋ ಅಷ್ಟು ಭಾಗ ತುಂಬಿರುತ್ತದೆ. ಓದು ಬಾರದವರಿಗೂ ಒಂದು ನೋಟಕ್ಕೆ ತಿಳಿಯುತ್ತದೆ.

ನಮ್ಮಲ್ಲಿ ಸರಕಾರಿ ಖರೀದಿಗೆ ಮಾತ್ರ ಗಟ್ಟಿ ಅಳತೆ ಇದೆ. 2017ರ ಆದೇಶ, 2020ರಲ್ಲಿ ತಿದ್ದುಪಡಿ ಆಗಿದೆ. ಸ್ಥಳೀಯ ಪಾಲು ಶೇ. 50 ಅಥವಾ ಜಾಸ್ತಿ ಇದ್ದರೆ ಒಂದನೇ ದರ್ಜೆಯ ಸ್ಥಳೀಯ ಪೂರೈಕೆದಾರ, ಶೇ. 20ರಿಂದ 50ರ ಒಳಗಿದ್ದರೆ ಎರಡನೇ ದರ್ಜೆ. ಇಲ್ಲಿ ‘ಸ್ಥಳೀಯ’ ಅಂದರೆ ಭಾರತದ್ದು, ಜಿಲ್ಲೆಯದ್ದಲ್ಲ. ಲೆಕ್ಕ ಹೀಗೆ: ತೆರಿಗೆ ಬಿಟ್ಟು ಮಾರಾಟದ ಬೆಲೆಯಲ್ಲಿ ಆಮದಾದ ಭಾಗಗಳ ಬೆಲೆಯನ್ನು, ಕಸ್ಟಮ್ಸ್ ಸುಂಕವೂ ಸೇರಿ, ಕಳೆಯಿರಿ. ಉಳಿದದ್ದು ಮಾರಾಟದ ಬೆಲೆಯ ಎಷ್ಟು ಶೇಕಡಾ ಎಂದು ನೋಡಿ.

ಉದಾಹರಣೆಗೆ, ಮಂಗಳೂರಿನ ಬೈಕಂಪಾಡಿಯ ಒಂದು ಶೆಡ್ಡಿನಲ್ಲಿ ಎಲ್‌ಇಡಿ ಬಲ್ಬ್ ಜೋಡಿಸುತ್ತಾರೆ ಎಂದುಕೊಳ್ಳಿ. ಬೆಲೆ 80 ರೂಪಾಯಿ. ಒಳಗಿನ ಚಿಪ್, ಡ್ರೈವರ್ ಚೀನಾದ್ದು, ಸುಂಕ ಸೇರಿ 46 ರೂಪಾಯಿ. ಉಳಿದದ್ದು 34. ಅಂದರೆ ಶೇ. 42.5. ಎರಡನೇ ದರ್ಜೆ. ಇಲ್ಲಿ ಜನ ಮಾಡುವ ತಪ್ಪೊಂದಿದೆ. ಚಿಪ್ಪನ್ನು ಬೆಂಗಳೂರಿನ ಡೀಲರ್ ಹತ್ತಿರ ಕೊಂಡು, ಬಿಲ್ ಬೆಂಗಳೂರಿನದ್ದು, ಹಾಗಾಗಿ ದೇಶಿ ಎಂದು ಬರೆದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಆಮದಾದ ವಸ್ತು ಎಷ್ಟು ಕೈ ಬದಲಾದರೂ ಆಮದೇ. ಸಾಗಾಟ, ವಿಮೆ, ಅಳವಡಿಕೆ ಇವುಗಳ ಖರ್ಚನ್ನೂ ಸ್ಥಳೀಯ ಪಾಲಿಗೆ ಸೇರಿಸುವ ಹಾಗಿಲ್ಲ.

ಗೇರುಬೀಜಕ್ಕೆ ಇದೇ ಲೆಕ್ಕ ಹಾಕಿ ನೋಡಿ. ಕಿಲೋಗೆ 800 ರೂಪಾಯಿಯ ತಿರುಳಿನಲ್ಲಿ ಹೊರದೇಶದ ಬೀಜದ್ದೇ 600 ಆಗಿದ್ದರೆ ಸ್ಥಳೀಯ ಪಾಲು ಶೇ. 25. ಕೆಲಸದ ಲೆಕ್ಕದಲ್ಲಿ ವಸ್ತು ನಮ್ಮದು, ದುಡ್ಡಿನ ಲೆಕ್ಕದಲ್ಲಿ ಕಾಲು ಭಾಗ ನಮ್ಮದು. ಎರಡೂ ನಿಜ. ಹೀಗಿರುವಾಗ ‘ಅಪ್ಪಟ ಕರಾವಳಿಯ’ ಎಂಬ ಒಂದೇ ಮಾತು ಹೇಗೆ ಸಾಕಾಗುತ್ತದೆ?

ಹಂತ 4: ಕ್ರಿಯಾಪದ ಆರಿಸಿ, ವಾಕ್ಯ ಬರೆಯಿರಿ

ನಮ್ಮ ಪ್ಯಾಕೆಟ್ ಮೇಲೆ ಈಗ ಇರುವುದು ಹೀಗೆ: ‘ಬೀಜ: ಆಮದು, ಟಾಂಜಾನಿಯಾ. ಒಡೆದು, ಸಿಪ್ಪೆ ತೆಗೆದು, ಗ್ರೇಡ್ ಮಾಡಿದ್ದು: ಕಾರ್ಕಳ ತಾಲೂಕು, ಉಡುಪಿ ಜಿಲ್ಲೆ.’ ಊರಿನ ಬೀಜ ಇರುವ ತಿಂಗಳುಗಳಲ್ಲಿ ‘ಬೆಳೆದದ್ದೂ ಒಡೆದದ್ದೂ ಉಡುಪಿ ಜಿಲ್ಲೆಯಲ್ಲಿ’. ಮಾರಾಟ ಕಡಿಮೆ ಆಗಬಹುದು ಎಂಬ ಹೆದರಿಕೆ ಇತ್ತು. ಆದದ್ದು ಬೇರೆ. ಜನ ನಿಂತು ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ. ಊರಿನ ಬೀಜಕ್ಕೆ ಬೇರೆ ರೇಟು ಹಾಕಲು ನಮಗೂ ಧೈರ್ಯ ಬಂತು.

ಸೀರೆಗಾದರೆ ‘ಉಡುಪಿಯಲ್ಲಿ ಕೈಮಗ್ಗದಲ್ಲಿ ನೇಯ್ದದ್ದು, ನೂಲು ಹೊರರಾಜ್ಯದ್ದು’. ಮಸಾಲೆಗೆ ‘ಕುಂದಾಪುರದಲ್ಲಿ ಹುರಿದು ಪುಡಿ ಮಾಡಿದ್ದು’. ಬಲ್ಬಿಗೆ ‘ಮಂಗಳೂರಿನಲ್ಲಿ ಜೋಡಿಸಿದ್ದು, ಚಿಪ್ ಮತ್ತು ಡ್ರೈವರ್ ಆಮದು’. ಬೇರೆಯವರು ಮಾಡಿದ್ದನ್ನು ನೀವು ಮಾರುತ್ತಿದ್ದರೆ ‘ತಯಾರಿಸಿದವರು’ ಮತ್ತು ‘ಮಾರಾಟ ಮಾಡುವವರು’ ಎಂದು ಎರಡು ವಿಳಾಸ ಬೇರೆ ಬೇರೆ ಕೊಡಿ.

‘ಅಪ್ಪಟ’, ‘ನೂರಕ್ಕೆ ನೂರು’, ‘ಶುದ್ಧ’ ಇವನ್ನು ಬಿಟ್ಟುಬಿಡಿ. ಆಹಾರಕ್ಕಂತೂ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮದಲ್ಲಿ ಶುದ್ಧ, ಸಾಂಪ್ರದಾಯಿಕ, ಅಸಲಿ ಎಂಬಂಥ ಪದಗಳನ್ನು ಯಾವಾಗ ಬಳಸಬಹುದು ಎಂಬುದಕ್ಕೆ ಷರತ್ತುಗಳಿವೆ.

ಹಂತ 5: ಶೈಲಿಯ ಹೆಸರು ಯಾವುದು, ಊರಿನ ಹೆಸರು ಯಾವುದು

ಹಳೇ ಮನೆ ರಿಪೇರಿ ಮಾಡುವಾಗ ಇಳಿಸಿದ ಹೆಂಚನ್ನು ತಿರುಗಿಸಿ ನೋಡಿದ್ದೀರಾ? ಪಾಚಿ ಉಜ್ಜಿದರೆ ಕಾರ್ಖಾನೆಯ ಹೆಸರು, ಅದರ ಜೊತೆ ಮಂಗಳೂರು ಎಂದು ಮಣ್ಣಿನಲ್ಲೇ ಉಬ್ಬಿಬಂದ ಅಕ್ಷರ ಕಾಣುತ್ತದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮಣ್ಣು ನೇತ್ರಾವತಿ, ಗುರುಪುರ ನದಿಗಳ ದಂಡೆಯದ್ದು. ಸುಡುವ ಮೊದಲೇ ಒತ್ತಿದ ಆ ಮುದ್ರೆಯನ್ನು ಆಮೇಲೆ ಯಾರೂ ಬದಲಾಯಿಸುವ ಹಾಗಿರಲಿಲ್ಲ. ಮೂಲ ಹೇಳುವ ಲೇಬಲ್ ಅಂದರೆ ನನಗೆ ಕಣ್ಣಮುಂದೆ ಬರುವುದು ಅದೇ.

ಮುಂದೆ ಕೇರಳದ ಫರೋಕ್, ಗುಜರಾತಿನ ಮೋರ್ಬಿಯಲ್ಲೂ ಅದೇ ನಮೂನೆ ಮಾಡಿದರು. ‘ಮಂಗಳೂರು ಹೆಂಚು’ ಎಂಬುದು ಒಂದು ಮಾದರಿಯ ಹೆಸರಾಯಿತು. ಮಂಗಳೂರು ಬನ್ಸ್, ಮಂಗಳೂರು ಬಜ್ಜಿ, ಉಡುಪಿ ಸಾಂಬಾರ್ ಕೂಡ ಹಾಗೇ. ಹುಬ್ಬಳ್ಳಿಯ ಹೋಟೆಲಿನವರು ಮಂಗಳೂರು ಬಜ್ಜಿ ಎಂದು ಬೋರ್ಡ್ ಹಾಕಿದರೆ ಯಾರಿಗೂ ಮೋಸ ಆಗುವುದಿಲ್ಲ. ಆದರೆ ಪ್ಯಾಕೆಟ್ ಸರಕಿನಲ್ಲಿ ಗೊಂದಲ ಆಗುತ್ತದೆ. ಬೇರೆ ರಾಜ್ಯದಲ್ಲಿ ಮಾಡಿದ ಪುಡಿಗೆ ‘ಉಡುಪಿ ಶೈಲಿಯ ಸಾಂಬಾರ್ ಪುಡಿ’ ಎಂದು ಬರೆದು, ತಯಾರಿಸಿದ ಊರನ್ನು ಅದೇ ಬದಿಯಲ್ಲಿ ಕಾಣುವ ಹಾಗೆ ಹಾಕಬೇಕು.

ಭೌಗೋಳಿಕ ಸೂಚಿಕೆ ಇರುವ ಹೆಸರುಗಳಲ್ಲಿ ಈ ಸಡಿಲಿಕೆಯೂ ಇಲ್ಲ. ಜಿಐ ಎಂದು ನಾವೆಲ್ಲ ಹೇಳುವುದು ಇದನ್ನೇ, ಒಂದು ಪ್ರದೇಶಕ್ಕೇ ಸೇರಿದ ಸರಕಿನ ಹೆಸರಿಗೆ ಕಾನೂನು ಕೊಡುವ ರಕ್ಷಣೆ. ಉಡುಪಿ ಮಲ್ಲಿಗೆ, ಮಟ್ಟು ಗುಳ್ಳ, ಉಡುಪಿ ಸೀರೆ ಮೂರಕ್ಕೂ ಇದೆ. 1999ರ ಕಾಯ್ದೆಯ ಪ್ರಕಾರ ಈ ಹೆಸರು ಬಳಸುವ ಹಕ್ಕು ಚೆನ್ನೈನ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ಹೆಸರು ಸೇರಿಸಿಕೊಂಡವರದ್ದು. ಮಟ್ಟುವಿನ ಗದ್ದೆಯಲ್ಲಿ ಬೆಳೆಯದ ಬದನೆ ನೋಡಲು ಎಷ್ಟೇ ಹಾಗೇ ಇರಲಿ, ದುಂಡಗೆ, ತಿಳಿಹಸಿರು ಬಣ್ಣಕ್ಕೆ ಬಿಳಿ ಗೆರೆ ಇರಲಿ, ಅದು ಮಟ್ಟು ಗುಳ್ಳ ಅಲ್ಲ. ಭಟ್ಕಳ ಮಲ್ಲಿಗೆ ಒಳ್ಳೆಯ ಹೂವೇ. ಅದನ್ನು ಶಂಕರಪುರದ ಮಲ್ಲಿಗೆ, ಅಂದರೆ ಉಡುಪಿ ಮಲ್ಲಿಗೆ, ಎಂದು ಬಾಳೆನಾರಿನಲ್ಲಿ ಕಟ್ಟಿ ಮಾರಿದರೆ ಎರಡೂ ಊರಿನ ಬೆಳೆಗಾರರಿಗೆ ಅನ್ಯಾಯ. ಮಸಾಲೆಯಲ್ಲಿ ‘ಬ್ಯಾಡಗಿ ಮೆಣಸು’ ಎಂದು ಬರೆಯುತ್ತೀರಾದರೆ ಅದಕ್ಕೂ ಜಿಐ ಇದೆ. ಬ್ಯಾಡಗಿ ಮೆಣಸೇ ಎಂದು ತೋರಿಸುವ ಖರೀದಿ ಬಿಲ್ ಇಟ್ಟುಕೊಳ್ಳಿ.

ಹಂತ 6: ಚಿತ್ರ, ಬಾವುಟ, ಬಾರ್‌ಕೋಡ್

ಅಕ್ಷರ ಸರಿ ಮಾಡಿ, ಪಕ್ಕದಲ್ಲಿ ಯಕ್ಷಗಾನದ ಕಿರೀಟ, ತೆಂಗಿನ ಮರ, ತ್ರಿವರ್ಣದ ಪಟ್ಟಿ ಹಾಕಿದರೆ ಕೊಳ್ಳುವವರು ಓದುವುದು ಚಿತ್ರವನ್ನೇ. ಪ್ಯಾಕೆಟನ್ನು ಮೂರು ಅಡಿ ದೂರ ಇಟ್ಟು, ವಿಷಯ ಗೊತ್ತಿಲ್ಲದ ಒಬ್ಬರನ್ನು ಕೇಳಿ: ‘ಇದು ಎಲ್ಲಿಯದ್ದು ಅನಿಸುತ್ತದೆ?’ ಅವರ ಉತ್ತರಕ್ಕೂ ನಿಮ್ಮ ನೋಟ್‌ಬುಕ್ಕಿಗೂ ಹೊಂದದಿದ್ದರೆ ಚಿತ್ರ ಬದಲಾಯಿಸಿ.

ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದ ಸರಕು ಎಂದು ಎಷ್ಟೋ ಜನ ನಂಬಿದ್ದಾರೆ. ಆ ನಂಬರನ್ನು ಭಾರತದ ಸಂಸ್ಥೆಯಿಂದ ಪಡೆದಿದ್ದಾರೆ ಎಂದಷ್ಟೇ ಅದರ ಅರ್ಥ. ಸರಕು ಎಲ್ಲಿಯದ್ದೂ ಆಗಿರಬಹುದು.

ಹಂತ 7: ಕಾನೂನು ಕೇಳುವ ಸಾಲುಗಳು

2011ರ ಪ್ಯಾಕೆಟ್ ಸರಕುಗಳ ಕಾನೂನುಮಾಪನ (ತೂಕ ಮತ್ತು ಅಳತೆ) ನಿಯಮದಂತೆ ತಯಾರಕರ, ಪ್ಯಾಕ್ ಮಾಡಿದವರ ಅಥವಾ ಆಮದುದಾರರ ಹೆಸರು ವಿಳಾಸ ಬೇಕು. ಆಮದು ಸರಕಿಗೆ ಮೂಲದೇಶ ಬೇಕು. ಆನ್‌ಲೈನಿನಲ್ಲಿ ಮಾರುವುದಾದರೆ 2020ರ ಇ-ಕಾಮರ್ಸ್ ನಿಯಮದಂತೆ ಮೂಲದೇಶವನ್ನು ಅಲ್ಲಿಯೂ ತೋರಿಸಬೇಕು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ‘ಜಾಹೀರಾತು’ ಎಂಬ ಪದದೊಳಗೆ ಲೇಬಲ್, ಹೊದಿಕೆ, ಇನ್‌ವಾಯ್ಸ್ ಕೂಡ ಸೇರಿವೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಸಣ್ಣ ಪ್ಯಾಕೆಟ್ ಮಾಡುವವರಿಗೂ ಇದು ಅನ್ವಯಿಸುತ್ತದೆ.

ರಫ್ತಿಗೆ ಮೂಲದ ಪ್ರಮಾಣಪತ್ರ ಬೇಕಾದರೆ ಮಂಗಳೂರಿನಲ್ಲಿ ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಯನ್ನು ವಿಚಾರಿಸಿ. ನಿಮ್ಮ ನೋಟ್‌ಬುಕ್ ಮತ್ತು ಬಿಲ್‌ಗಳು ಅಲ್ಲಿ ಕೆಲಸಕ್ಕೆ ಬರುತ್ತವೆ.

ಹಂತ 8: ಋತು ಬದಲಾದಾಗ ಲೇಬಲ್ಲೂ ಬದಲಾಗಬೇಕು

ನಾವು ಬಿದ್ದದ್ದು ಇಲ್ಲೇ. ಪ್ರಿಂಟ್ ಆದ ಪೌಚುಗಳನ್ನು ಒಮ್ಮೆಗೇ ಸಾವಿರಗಟ್ಟಲೆ ಮಾಡಿಸಬೇಕು, ಇಲ್ಲದಿದ್ದರೆ ಒಂದಕ್ಕೆ ಬೀಳುವ ಖರ್ಚು ಜಾಸ್ತಿ. ಫೆಬ್ರವರಿಯಿಂದ ಮೇ ತನಕ ಊರಿನ ಬೀಜ. ಆಮೇಲೆ ಹೊರಗಿನದ್ದು. ಪೌಚ್ ಮಾತ್ರ ಅದೇ.

ಹೀಗೆ ಮಾಡಿ. ಪ್ರಿಂಟ್ ಮಾಡಿಸುವಾಗ ಮೂಲ ಹೇಳುವ ಜಾಗವನ್ನು ಖಾಲಿ ಬಿಡಿ, ಎರಡು ಬೆರಳಗಲ ಸಾಕು. ಪ್ರತಿ ಬ್ಯಾಚಿಗೆ ಅಲ್ಲಿ ಮುದ್ರೆ ಒತ್ತಿ ಅಥವಾ ಸ್ಟಿಕ್ಕರ್ ಹಾಕಿ. ಕಡ್ಡಾಯ ವಿವರಗಳನ್ನು ಸ್ಟಿಕ್ಕರಿನಲ್ಲಿ ಬದಲಾಯಿಸುವ ಹಾಗಿಲ್ಲ, ಆದರೆ ಕಡ್ಡಾಯವಲ್ಲದ ಹೆಚ್ಚಿನ ಮಾಹಿತಿಗೆ ಸ್ಟಿಕ್ಕರ್ ಬಳಸಬಹುದು. ಇಲ್ಲೇ ಒಡೆದ ತಿರುಳಿನ ಬೀಜ ಎಲ್ಲಿಯದ್ದು ಎಂಬುದು ಅಂಥ ಮಾಹಿತಿ. ಬ್ಯಾಚ್ ನಂಬರಿನಲ್ಲೂ ಒಂದು ಅಕ್ಷರ ಸೇರಿಸಿ. ನಮ್ಮಲ್ಲಿ ಊರಿನದ್ದಕ್ಕೆ ‘ಊ’, ಆಮದಿಗೆ ‘ಆ’.

ತಿಂಗಳಿಗೊಮ್ಮೆ ಒಂದು ಪರೀಕ್ಷೆ ಮಾಡಿ. ಅಂಗಡಿಯ ಶೆಲ್ಫಿನಿಂದ ಕಣ್ಣು ಮುಚ್ಚಿ ಒಂದು ಪ್ಯಾಕೆಟ್ ತೆಗೆಯಿರಿ. ಬ್ಯಾಚ್ ನಂಬರ್ ಹಿಡಿದು ಅದರ ಬೀಜ ಯಾರಿಂದ, ಯಾವ ದಿನ ಬಂತು ಎಂಬ ಬಿಲ್ ತನಕ ಹೋಗಿ. ಅರ್ಧ ಗಂಟೆಯೊಳಗೆ ಬಿಲ್ ಕೈಗೆ ಸಿಗದಿದ್ದರೆ ಆ ಬ್ಯಾಚಿನ ಮೇಲೆ ‘ಊ’ ಹಾಕಬೇಡಿ.

ಹಂತ 9: ಕೌಂಟರಿನಲ್ಲಿರುವವರಿಗೆ ಉತ್ತರ ಗೊತ್ತಿರಲಿ

ಲೇಬಲ್ ಸರಿ ಇದ್ದು ಬಾಯಿಮಾತು ತಪ್ಪಿದರೂ ತಪ್ಪೇ. ಅಂಗಡಿಯಲ್ಲಿ ನಿಲ್ಲುವ ಹುಡುಗರಿಗೆ ಈ ವಾರದ ಬ್ಯಾಚ್ ಯಾವುದು ಎಂದು ಹೇಳಿಡಿ. ನಮ್ಮಲ್ಲಿ ಕ್ಯಾಶ್ ಡಬ್ಬದ ಒಳಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿರುತ್ತೇವೆ: ‘ಈಗ ಇರುವುದು ಆಮದು ಬೀಜ, ಒಡೆದದ್ದು ಕಾರ್ಕಳದಲ್ಲಿ. ಊರಿನದ್ದು ಫೆಬ್ರವರಿ ಕೊನೆಗೆ ಬರುತ್ತದೆ.’

ತಪ್ಪು ಲೇಬಲ್ ಹೊರಗೆ ಹೋಗಿದೆ ಎಂದು ಗೊತ್ತಾದರೆ ಉಳಿದ ಪ್ಯಾಕೆಟ್ ಅಂಗಡಿಗಳಿಂದ ವಾಪಸ್ ತರಿಸಿ. ಮಾರಿದ ಅಂಗಡಿಯಲ್ಲಿ ಒಂದು ಬೋರ್ಡ್ ಹಾಕಿ, ಬ್ಯಾಚ್ ನಂಬರ್ ಬರೆದು, ಬೇಕಾದವರಿಗೆ ದುಡ್ಡು ವಾಪಸ್ ಕೊಡಿ. ಮುಂದಿನ ವರ್ಷ ಅದೇ ಮೇಳಕ್ಕೆ ನಾವು ಹೋದಾಗ ಮೇಜಿನ ಮೇಲೆ ಎರಡು ಬುಟ್ಟಿ ಇಟ್ಟಿದ್ದೆವು, ‘ಊ’ ಒಂದರಲ್ಲಿ, ‘ಆ’ ಇನ್ನೊಂದರಲ್ಲಿ, ಎರಡಕ್ಕೂ ಬೇರೆ ರೇಟು. ಆ ಅಮ್ಮ ಬಂದರೆ ಹೇಳಬೇಕು ಎಂದು ಮೂರು ದಿನವೂ ದಾರಿ ನೋಡಿದೆ. ಅವರು ಬರಲಿಲ್ಲ.